ಅಮೆರಿಕ, ಯುರೋಪಿನ ದೊಡ್ಡ ತಿರುವುಗಳಲ್ಲಿ ನಮ್ಮ ಕರಾವಳಿ ಮಕ್ಕಳಿಗೆ ಮೊದಲು ಯಾವುದನ್ನು ಹೇಳಲಿ?

ಬೇಲೆಕೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ನಮ್ಮ ಮನೆ ಜಗಲಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹೆಚ್ಚಿನವರು ಇಲ್ಲಿನ ಮೀನುಗಾರರ ಮನೆಯವರು. ಕೆಲವರು ಹಿಲ್ಲೂರು ಕಡೆಯ ಕಾಡಿನೂರುಗಳವರು, ಇಲ್ಲಿ ಗುರುತಿನವರ ಮನೆಯಲ್ಲಿದ್ದು ಓದುತ್ತಾರೆ.

ಈಗ ಅಮೆರಿಕ ಮತ್ತು ಯುರೋಪಿನ ಪಾಠ ನಡೆಯುತ್ತಿದೆ. 1453 ಕಾನ್‌ಸ್ಟಾಂಟಿನೋಪಲ್, 1492 ಕೊಲಂಬಸ್, 1517 ಮಾರ್ಟಿನ್ ಲೂಥರ್, 1776 ಅಮೆರಿಕದ ಸ್ವಾತಂತ್ರ್ಯ, 1789 ಫ್ರಾನ್ಸ್, 1815 ವಾಟರ್ಲೂ, 1861 ಅಮೆರಿಕದ ಅಂತರ್ಯುದ್ಧ, 1914, 1917, 1929, 1939, 1989 ಬರ್ಲಿನ್ ಗೋಡೆ. ಮಕ್ಕಳು ಚುರುಕು, ಎರಡೇ ದಿನಕ್ಕೆ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಮುಂದಿನ ವಾರ ಕೇಳಿದರೆ ವಾಟರ್ಲೂ ಅಮೆರಿಕಕ್ಕೆ ಹೋಗಿರುತ್ತದೆ, ಲೂಥರ್ ಫ್ರಾನ್ಸಿಗೆ ಬಂದಿರುತ್ತಾನೆ.

ನಿನ್ನೆ ಒಬ್ಬ ಹುಡುಗ ನೇರವಾಗಿ ಕೇಳಿದ. "ಅಕ್ಕೋರೇ, ಅಲ್ಲಿ ಯುದ್ಧ ಆದ್ರೆ ನಮಗೇನು?" ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕು ಎಂದು ಆಸೆ.

ಈ ಪಟ್ಟಿಯಲ್ಲಿ ನಿಜವಾಗಿ ಜಗತ್ತನ್ನು ತಿರುಗಿಸಿದ್ದು ಯಾವುದು? ಅದರಲ್ಲೂ ನಮ್ಮ ಉತ್ತರ ಕನ್ನಡಕ್ಕೆ ತಾಗಿದ್ದು ಯಾವುದು? "ಜಗತ್ತೆಲ್ಲ ಒಂದೇ" ಎನ್ನುವಂಥ ಮಾತು ಬೇಡ. ಹೆಸರು, ಊರು, ಇಸವಿ ಇಟ್ಟು ಹೇಳುವಂಥದ್ದು ಬೇಕು.

ಕುಮಟಾ ರಥಬೀದಿ

ಒಂದನ್ನೇ ಆರಿಸಬೇಕು ಎಂದರೆ ನಾನು 1789 ಆರಿಸುತ್ತೇನೆ. ಆ ವರ್ಷ ಆಗಸ್ಟ್ 26ಕ್ಕೆ ಫ್ರಾನ್ಸಿನ ಸಭೆ ಮನುಷ್ಯನ ಹಕ್ಕುಗಳ ಘೋಷಣೆ ಒಪ್ಪಿತು. ಹುಟ್ಟಿನಿಂದ ಎಲ್ಲರೂ ಸಮಾನರು ಎಂದು ರಾಜ್ಯವೇ ಬರೆದುಕೊಟ್ಟಿತು. ಬರೆದಂತೆ ನಡೆಯಲಿಲ್ಲ, ರಕ್ತ ಬಹಳ ಹರಿಯಿತು. ಆದರೂ ಆ ಮಾತು ಮತ್ತೆ ವಾಪಸ್ ಹೋಗಲಿಲ್ಲ.

ಎರಡನೆಯದು 1914, ಮೊದಲ ಮಹಾಯುದ್ಧ. ಆ ಯುದ್ಧ ಮುಗಿಯುವಾಗ ಜರ್ಮನಿ, ಆಸ್ಟ್ರಿಯಾ-ಹಂಗರಿ, ರಷ್ಯಾ, ತುರ್ಕಿ ನಾಲ್ಕು ಕಡೆಯೂ ಅರಸೊತ್ತಿಗೆ ಬಿದ್ದು ಹೋಗಿತ್ತು, ಇಲ್ಲವೇ ಬೀಳುವುದರಲ್ಲಿತ್ತು. ಕರಾವಳಿಗೆ ತಾಗಿದ್ದು ಕೇಳಿದಿರಲ್ಲ, ಹೆಂಚು ನೋಡಿ. ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅದರಲ್ಲಿ ಜರ್ಮನರೂ ಇದ್ದರು. ಯುದ್ಧ ಬಂತು, ಅವರು ಶತ್ರು ದೇಶದವರಾದರು, ಸರ್ಕಾರ ಅವರ ವ್ಯಾಪಾರವನ್ನು ವಶಪಡಿಸಿಕೊಂಡಿತು. ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ನಮ್ಮ ಮಾಡಿನ ಮೇಲಿನ ಹೆಂಚಿಗೂ ಯುರೋಪಿನ ಯುದ್ಧಕ್ಕೂ ಇಷ್ಟು ಹತ್ತಿರದ ಸಂಬಂಧ ಇದೆ.

ಕೋಡಿಬಾಗ ರಸ್ತೆಯವರು

ತಂಗಿ, ನನ್ನ ಉತ್ತರ 1861. ನಮ್ಮ ಜಿಲ್ಲೆಯ ಮಟ್ಟಿಗೆ ಅದರಷ್ಟು ನೇರವಾಗಿ ತಾಗಿದ್ದು ಬೇರೆ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಕೆಲಸ ನೋಡಿಕೊಂಡು ನಿವೃತ್ತನಾದವನು. ಅರಬೈಲ್ ಘಟ್ಟದಲ್ಲಿ ಮಳೆಗಾಲ ಕಳೆದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಗುಡ್ಡ ಕುಸಿಯುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ, ತಿರುವಿನಲ್ಲಿ ಲಾರಿ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ಕಷ್ಟದ ಜಾಗದಲ್ಲಿ ದಾರಿ ಬೇಕು ಎಂದು ಮೊದಲು ಯಾರಿಗೆ ಅನ್ನಿಸಿತು? ಯಾತಕ್ಕೆ? ಆ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಮೊದಲು ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಊರು ಮ್ಯಾಂಚೆಸ್ಟರ್ ಸಿಗುತ್ತದೆ, ಅಲ್ಲಿಂದ ಅಮೆರಿಕ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಬೆಳೆ. 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ಬೀಜ ಬಿಡಿಸುವ ಕೆಲಸ ಸುಲಭವಾಯಿತು. ಅದರಿಂದ ಕೂಲಿಗಳ ಕಷ್ಟ ಕಡಿಮೆಯಾಗಬೇಕಿತ್ತು ಅಲ್ವಾ? ಆದದ್ದು ತಿರುಗುಮುರುಗು. ಹತ್ತಿಯಲ್ಲಿ ಲಾಭ ಕಂಡ ಧಣಿಗಳು ಹೊಲ ಹೆಚ್ಚಿಸಿದರು. ಗಿಡದಿಂದ ಹತ್ತಿ ಕೀಳಲು ಇನ್ನೂ ಜಾಸ್ತಿ ಗುಲಾಮರು ಬೇಕಾದರು. 1860ರ ಹೊತ್ತಿಗೆ ಅಲ್ಲಿ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಮಕ್ಕಳಿಗೆ ಇದನ್ನು ಬಿಡದೆ ಹೇಳಿ. ಮುಂದಿನ ಕತೆ ಪೂರ್ತಿ ಇವರ ಬೆವರಿನ ಮೇಲೆ ನಿಂತಿದೆ.

ಆ ಹತ್ತಿ ಹೋಗುತ್ತಿದ್ದದ್ದು ಮುಖ್ಯವಾಗಿ ಇಂಗ್ಲೆಂಡಿಗೆ. ಮ್ಯಾಂಚೆಸ್ಟರ್ ಇರುವ ಲ್ಯಾಂಕಶೈರ್ ಸೀಮೆಯ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ್ದೇ. ಒಂದೇ ಕಡೆಯ ಮಾಲನ್ನು ಇಷ್ಟು ನೆಚ್ಚಿಕೊಂಡರೆ ಕಷ್ಟ ಎಂದು ಮ್ಯಾಂಚೆಸ್ಟರಿನ ಕೆಲವರಿಗೆ ಮೊದಲೇ ಭಯ ಇತ್ತು.

1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಿದರು. ಒಂದು ವಾರದಲ್ಲಿ, ಏಪ್ರಿಲ್ 19ಕ್ಕೆ, ಅಧ್ಯಕ್ಷ ಅಬ್ರಹಾಂ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ದಕ್ಷಿಣದವರೂ ಬೇಕೆಂದೇ ಹತ್ತಿ ತಡೆದಿಟ್ಟರು. ಹತ್ತಿ ಸಿಗದಿದ್ದರೆ ಇಂಗ್ಲೆಂಡ್ ನಮ್ಮ ಕಡೆಗೆ ಬಂದೇ ಬರುತ್ತದೆ ಎಂದು ಅವರ ಲೆಕ್ಕ. ಇಂಗ್ಲೆಂಡ್ ಯುದ್ಧಕ್ಕೆ ಇಳಿಯಲಿಲ್ಲ. ಹತ್ತಿಯನ್ನು ಬೇರೆ ಕಡೆ ಹುಡುಕಿತು. ಈಜಿಪ್ಟ್‌ನಲ್ಲಿ ಹುಡುಕಿತು, ಬ್ರೆಜಿಲ್‌ನಲ್ಲಿ ಹುಡುಕಿತು. ಎಲ್ಲಕ್ಕಿಂತ ಹೆಚ್ಚು ಇಂಡಿಯಾದಲ್ಲಿ.

ಇಂಡಿಯಾದಲ್ಲಿ ಹತ್ತಿ ಎಂದರೆ ಗುಜರಾತ್, ವಿದರ್ಭ, ಜೊತೆಗೆ ನಮ್ಮ ಧಾರವಾಡದ ಕಪ್ಪು ನೆಲ. ಧಾರವಾಡದ ಮೇಲೆ ಮ್ಯಾಂಚೆಸ್ಟರಿನ ಕಣ್ಣು ಬೀಳಲು ಒಂದು ಕಾರಣ ಇತ್ತು. 1840ರ ಸುಮಾರಿಗೆ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೆಳೆಗಾರರನ್ನು ಇಂಡಿಯಾಕ್ಕೆ ಕರೆಸಿತ್ತು. ಅವರು ತಂದ ನ್ಯೂ ಆರ್ಲಿಯನ್ಸ್ ಬೀಜ ಹೆಚ್ಚಿನ ಕಡೆ ಹಿಡಿಯಲಿಲ್ಲ. ಧಾರವಾಡದಲ್ಲಿ ಹಿಡಿಯಿತು. ಅದಕ್ಕೆ 'ಧಾರವಾಡ-ಅಮೆರಿಕನ್' ಎಂದು ಹೆಸರಾಯಿತು. ಅಲ್ಲಿನ ನಾಡ ಹತ್ತಿಯೂ ಪೇಟೆಗೆ ಹೋಗುತ್ತಿತ್ತು, ಅದರ ಹೆಸರು 'ಕುಮಟಾ'. ರಥಬೀದಿಯವರೇ, ನಿಮ್ಮ ಊರಿನ ಹೆಸರು ಬೊಂಬಾಯಿಯ ಹತ್ತಿ ಪೇಟೆಯಲ್ಲಿ ಹೀಗೆ ಓಡಾಡುತ್ತಿತ್ತು. ಕುಮಟಾದಲ್ಲಿ ಆ ಹತ್ತಿ ಬೆಳೆಯುತ್ತಿರಲಿಲ್ಲ. ಘಟ್ಟದ ಮೇಲಿಂದ ಶಿರಸಿ, ದೇವಿಮನೆ ದಾಟಿ ಕುಮಟಾ ದಂಡೆಗೆ ಬಂದು ದೋಣಿ ಹತ್ತುತ್ತಿತ್ತು, ಅಷ್ಟೇ.

ತೊಂದರೆ ಇದ್ದದ್ದೂ ಅಲ್ಲೇ. ಕುಮಟಾದಲ್ಲಿ ದೊಡ್ಡ ಹಡಗಿಗೆ ಮರೆ ಇಲ್ಲ. ಮಾಲು ಪಡಾವು ಎಂಬ ಹಾಯಿದೋಣಿಯಲ್ಲಿ ಬೊಂಬಾಯಿಗೆ ಹೋಗಬೇಕು, ಅಲ್ಲಿ ಪ್ರೆಸ್‌ನಲ್ಲಿ ಒತ್ತಿ ಅಂಡಿಗೆ ಕಟ್ಟಬೇಕು, ಮತ್ತೆ ಹಡಗಿಗೆ ಹಾಕಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ಹಡಗು ಆಫ್ರಿಕಾ ಸುತ್ತಿಯೇ ಹೋಗಬೇಕಿತ್ತು. ಮಳೆಗಾಲದಲ್ಲಿ ಪಡಾವಿನ ಓಡಾಟವೂ ಬಂದ್.

ಮ್ಯಾಂಚೆಸ್ಟರಿನವರು ನಕಾಶೆ ಹರಡಿಕೊಂಡು ನೋಡಿದಾಗ ಕಂಡದ್ದು ನಮ್ಮ ಕಾರವಾರ ಕೊಲ್ಲಿ. ಕಾಳಿ ನದಿಯ ಬಾಯಿ, ಆಚೆ ದಡದಲ್ಲಿ ಸದಾಶಿವಗಡ. ಮುಂದೆ ದೇವಗಡ, ಕೂರ್ಮಗಡ ದ್ವೀಪಗಳ ಆಸರೆ. ಹಿಂದೆ ಗುಡ್ಡದ ಮರೆ. ಬೊಂಬಾಯಿಗೆ ಹೋಗುವುದೇ ಬೇಡ, ಧಾರವಾಡದ ಹತ್ತಿ ನೇರವಾಗಿ ಇಲ್ಲಿಂದಲೇ ಇಂಗ್ಲೆಂಡಿಗೆ ಹೋಗಲಿ ಎಂದು ಅವರು ಪಟ್ಟು ಹಿಡಿದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂದು ಒಂದು ಕಂಪನಿಯನ್ನೇ ಕಟ್ಟಿದರು. ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಕಳಿಸಿದರು. ಯಂತ್ರ ಬಂತು, ಅದನ್ನು ಮೇಲೆ ಸಾಗಿಸಲು ಘಟ್ಟದ ರಸ್ತೆ ತಯಾರಿರಲಿಲ್ಲ. ಕೈಗಾ ಘಟ್ಟ, ಅರಬೈಲ್ ಘಟ್ಟ ಎಂದು ಲಂಡನ್ನಿನಲ್ಲಿ ಕೂತವರು ಕಾಗದ ಬರೆದದ್ದು ಈ ಸಿಟ್ಟಿನಲ್ಲಿ. ರಸ್ತೆ ಕೆಲಸ ಮಾಡಿದವನಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಾಗದದ ಮೇಲೆ ಘಟ್ಟ ಇಳಿಯಲು ಒಂದು ಗೆರೆ ಸಾಕು. ಮಳೆ ನೀರಿಗೆ ದಾರಿ ಬಿಟ್ಟು, ಎತ್ತು ಹತ್ತುವಂತೆ ಚಡಾವು ಹಿಡಿದು, ಒಂದೊಂದು ತಿರುವು ಕಡಿಯಲು ವರ್ಷಗಳು ಬೇಕು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹತ್ತಿ ಬೆಳೆಯುವ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಒಂದೇ ದಾರಿ, ಮೇಲಿನ ತುದಿ ಒಂದು ಸರ್ಕಾರದ್ದು, ಕೆಳಗಿನ ತುದಿ ಇನ್ನೊಂದು ಸರ್ಕಾರದ್ದು. ಖರ್ಚು ಯಾರು ಹಾಕಬೇಕು ಎಂದು ಎಳೆದಾಟ. ಕೊನೆಗೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿಗೆ ಸೇರಿಸಿದರು. ಕುಂದಾಪುರ ತಾಲ್ಲೂಕು ಮಾತ್ರ ದಕ್ಷಿಣ ಕನ್ನಡದ ಜೊತೆ ಮದ್ರಾಸಿನಲ್ಲೇ ಉಳಿಯಿತು. ಭಟ್ಕಳದವರೂ ಬೈಂದೂರಿನವರೂ ಬೇರೆ ಬೇರೆ ಪ್ರಾಂತ್ಯದವರಾದರು. ಎರಡೂ ಕಡೆಯವರು ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮಧ್ಯದ ಆ ತೊಂಬತ್ತನಾಲ್ಕು ವರ್ಷ ನಮ್ಮ ಕೋರ್ಟು, ಕಂದಾಯ, ಶಾಲೆ, ನೌಕರಿ, ಎಲ್ಲದರ ಮುಖ ಬೊಂಬಾಯಿ ಕಡೆಗೆ. ಕಾರವಾರದ ಮನೆಮನೆಯಲ್ಲೂ ಮುಂಬೈ ನೆಂಟರು ಇರುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಹುಡುಗನ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಗೊತ್ತಿಲ್ಲ. ಅಮೆರಿಕದಲ್ಲಿ ಯುದ್ಧ ಆಯಿತು, ಮರು ವರ್ಷ ನಮ್ಮ ಜಿಲ್ಲೆಯ ಸರ್ಕಾರವೇ ಬದಲಾಯಿತು.

ಕಣ್ಣಿಗೆ ಕಾಣುವ ಸಾಕ್ಷಿ ಬೇಕೆಂದರೆ ಮಕ್ಕಳನ್ನು ಕಾರವಾರದ ದಂಡೆಗೆ ಕರೆದುಕೊಂಡು ಬನ್ನಿ. ಎದುರಿಗೆ ದೇವಗಡದ ಮೇಲೆ ದೀಪಸ್ತಂಭ ಕಾಣುತ್ತದೆ. ಅದು ಕಟ್ಟಿದ್ದು 1864ರಲ್ಲಿ. ಅಮೆರಿಕದಲ್ಲಿ ಯುದ್ಧ ಇನ್ನೂ ನಡೆಯುತ್ತಿತ್ತು.

ಶಿರಸಿ ತೋಟ

ಕೋಡಿಬಾಗದ ಅಣ್ಣನವರು ಬರೆದದ್ದು ಓದಿ ಖುಷಿಯಾಯಿತು. ಆದರೆ ಒಪ್ಪುವುದಿಲ್ಲ. ಹತ್ತಿ ನಮ್ಮ ಊರಿನ ಮೇಲೆ ಹಾದು ಹೋದದ್ದು, ಕಾಳುಮೆಣಸು ನಮ್ಮ ತೋಟದಲ್ಲೇ ಬೆಳೆದದ್ದು. ಯುರೋಪು ಮನೆ ಬಿಟ್ಟು ಹೊರಟದ್ದೇ ಮೆಣಸಿಗೆ. ಹಾಗಾಗಿ ನನ್ನ ಮಟ್ಟಿಗೆ ದೊಡ್ಡ ತಿರುವು 1498, ವಾಸ್ಕೋ ಡ ಗಾಮ ಇಲ್ಲಿಗೆ ಬಂದ ವರ್ಷ.

ಅಕ್ಕೋರೇ, ಇಲ್ಲಿ ಒಂದು ಎಚ್ಚರಿಕೆ. "1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ದಾರಿ ಮುಚ್ಚಿದರು, ಅದಕ್ಕೇ ಸಮುದ್ರ ದಾರಿ ಹುಡುಕಿದರು" ಎಂದು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಇದೆ. ಅದು ಅಷ್ಟು ನೆಟ್ಟಗಿಲ್ಲ. 1453ರ ನಂತರವೂ ವೆನಿಸ್‌ನ ವ್ಯಾಪಾರಿಗಳು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಮೆಣಸು ಕೊಳ್ಳುತ್ತಲೇ ಇದ್ದರು. ಪೋರ್ಚುಗೀಸರಿಗೆ ಬೇಕಿದ್ದದ್ದು ಆ ಲಾಭದಲ್ಲಿ ಪಾಲು, ನಡುವಿನವರಿಲ್ಲದ ದಾರಿ. ಅವರ ಹಡಗುಗಳು 1453ಕ್ಕೆ ಎಷ್ಟೋ ಮೊದಲೇ ಆಫ್ರಿಕಾದ ದಂಡೆ ಹಿಡಿದು ದಕ್ಷಿಣಕ್ಕೆ ಹೊರಟಾಗಿತ್ತು. 1488ರಲ್ಲಿ ಬಾರ್ತಲೋಮ್ಯೂ ಡಿಯಾಸ್ ಆಫ್ರಿಕಾದ ತುದಿ ದಾಟಿದ. ಹತ್ತು ವರ್ಷಕ್ಕೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ವಾಪಸ್ ಹೋಗುವಾಗ ತಂಗಿದ್ದು ಎಲ್ಲಿ? ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ. 1505ರಲ್ಲಿ ಪೋರ್ಚುಗೀಸರ ವೈಸ್‌ರಾಯ್ ಅಲ್ಮೇಡ ಬಂದು ಅಲ್ಲಿ ಕೋಟೆ ಕಟ್ಟಿಸಿದ. ಪಠ್ಯದಲ್ಲಿ ಬರುವ ಭೌಗೋಳಿಕ ಅನ್ವೇಷಣೆಯ ಒಂದು ಪುಟ ನಿಮ್ಮ ಕಣ್ಣೆದುರಿನ ನೀರಿನಲ್ಲೇ ನಡೆದಿದೆ.

ಆ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಇದೇ ಪೋರ್ಚುಗೀಸರ ಎದುರು ದಶಕಗಟ್ಟಲೆ ರಾಜ್ಯ ನಡೆಸಿದಳು. ಅವರೇ ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ಹೆಣ್ಣುಮಕ್ಕಳಿಗೆ ಈ ಭಾಗ ದಯವಿಟ್ಟು ಬಿಡದೆ ಹೇಳಿ. ಯುರೋಪು ಬಂತು, ನಾವು ಸುಮ್ನೆ ಕೂತಿದ್ದೆವು ಎಂಬ ಭಾವನೆ ಅವರಿಗೆ ಬರಬಾರದು.

1492ನ್ನೂ ಬಿಡಬೇಡಿ. ಮೀನಿನ ಸಾರಿಗೆ ಹಾಕುವ ಒಣಮೆಣಸಿನಕಾಯಿ ಅಮೆರಿಕ ಖಂಡದ್ದು. ದಂಡೆಯ ಗುಡ್ಡದ ಮೇಲಿನ ಗೇರು ಬ್ರೆಜಿಲಿನದ್ದು. ಎರಡನ್ನೂ ಇಲ್ಲಿಗೆ ತಂದವರು ಪೋರ್ಚುಗೀಸರು.

ಬಿಣಗಾ ಹುಡುಗ

ಅಂಜದೀವದ ಮಾತು ಬಂತಲ್ಲ, ಇನ್ನೊಂದು ಸೇರಿಸುತ್ತೇನೆ. 1661ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಪೋರ್ಚುಗಲ್ಲಿನ ರಾಜಕುಮಾರಿಯ ಜೊತೆ ಮದುವೆ ಗೊತ್ತಾಯಿತು. ಬೊಂಬಾಯಿಯನ್ನು ಬಳುವಳಿ ಕೊಟ್ಟರು. ಅದನ್ನು ವಹಿಸಿಕೊಳ್ಳಲು ಅಬ್ರಹಾಂ ಶಿಪ್ಮನ್ ಎಂಬ ಅಧಿಕಾರಿ ಸೈನಿಕರ ಜೊತೆ ಬಂದರೆ, ಅಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ಬಿಟ್ಟುಕೊಡಲಿಲ್ಲ. ಆ ಸೈನಿಕರು ಅಂಜದೀವದಲ್ಲಿ ಕಾಯುತ್ತಾ ಕೂತರು. ಹೆಚ್ಚಿನವರು ಅಲ್ಲೇ ಕಾಯಿಲೆ ಬಿದ್ದು ಸತ್ತರು. ಶಿಪ್ಮನ್ ಕೂಡ 1664ರಲ್ಲಿ ಅಲ್ಲೇ ತೀರಿಕೊಂಡ. ಉಳಿದವರು 1665ರಲ್ಲಿ ಹೋಗಿ ಬೊಂಬಾಯಿ ವಹಿಸಿಕೊಂಡರು. ದ್ವೀಪ ಈಗ ನೌಕಾನೆಲೆಯ ಒಳಗಿದೆ, ನಾವು ದೂರದಿಂದ ನೋಡುವುದಷ್ಟೇ.

ಬೇಲೆಕೇರಿ ಟೀಚರ್

ಇಷ್ಟೆಲ್ಲ ಸಿಗುತ್ತದೆ ಎಂದುಕೊಂಡಿರಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೋಡಿಬಾಗದ ಅಣ್ಣ, ಇನ್ನೆರಡು ಕೇಳಲಾ? ಆ ನಾಲ್ಕು ವರ್ಷ ಧಾರವಾಡದ ರೈತರಿಗೆ ದುಡ್ಡು ಸಿಕ್ಕಿತಾ? ಮ್ಯಾಂಚೆಸ್ಟರಿನ ಗಿರಣಿ ಕೂಲಿಗಳ ಗತಿ ಏನಾಯಿತು? ನಮ್ಮ ಮಕ್ಕಳು ಮೊದಲು ಕೇಳುವುದು ಇದನ್ನೇ. ಬಂದರಿಗೆ ದೋಣಿ ಬರದಿದ್ದರೆ ಮನೆಯಲ್ಲಿ ಏನಾಗುತ್ತದೆ ಎಂದು ಅವರಿಗೆ ಗೊತ್ತು.

ಕೋಡಿಬಾಗ ರಸ್ತೆಯವರು

ಕೂಲಿಗಳ ವಿಷಯ ಮೊದಲು ಹೇಳುತ್ತೇನೆ. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದವರು ಅವರು.

ಹತ್ತಿ ನಿಂತಿತು, ಗಿರಣಿ ನಿಂತಿತು. ಲ್ಯಾಂಕಶೈರಿನಲ್ಲಿ ಲಕ್ಷಗಟ್ಟಲೆ ಜನ ಗಂಜಿ, ದಾನ, ಸರ್ಕಾರದ ಪರಿಹಾರದ ಮೇಲೆ ಚಳಿಗಾಲ ಕಳೆದರು. ಲಿಂಕನ್ ಅವರ ದಿಗ್ಬಂಧನ ಮುರಿಯಿರಿ, ಹತ್ತಿ ಬರಲಿ ಎಂದು ಅವರು ಕೂಗಿದ್ದರೆ ಅದು ಸಹಜವೇ ಆಗಿತ್ತು. ಕೆಲವು ಊರುಗಳಲ್ಲಿ ಹಾಗೆ ಕೂಗಿದವರೂ ಇದ್ದರು. ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ದುಡಿಯುವ ಜನ ಸಭೆ ಸೇರಿ ಲಿಂಕನ್‌ಗೆ ಪತ್ರ ಬರೆದರು. ಗುಲಾಮಗಿರಿ ಹೋಗಲಿ, ನಾವು ನಿಮ್ಮ ಪರ ಎಂದರು. ತಮ್ಮ ಒಲೆ ಉರಿಯದ ಹೊತ್ತಿನಲ್ಲಿ ಬರೆದ ಪತ್ರ ಅದು. ಲಿಂಕನ್ 1863ರ ಜನವರಿ 19ಕ್ಕೆ ಉತ್ತರ ಕೊಟ್ಟರು. ನಿಮ್ಮ ಕಷ್ಟ ನನಗೆ ಗೊತ್ತು ಎಂದು ಬರೆದು, ಅವರ ಧೈರ್ಯವನ್ನು ಹೊಗಳಿದರು. ಇವತ್ತಿಗೂ ಮ್ಯಾಂಚೆಸ್ಟರಿನಲ್ಲಿ ಲಿಂಕನ್ ಪ್ರತಿಮೆ ಇದೆ. ನಾನು ಟೀಚರ್ ಆಗಿದ್ದರೆ ಒಂದು ಪೂರ್ತಿ ಸಂಜೆ ಈ ಪತ್ರಕ್ಕೇ ಕೊಡುತ್ತಿದ್ದೆ.

ರೈತರಿಗೆ ದುಡ್ಡು ಸಿಕ್ಕಿತು. ಹತ್ತಿಯ ದರ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಧಾರವಾಡ ಕಡೆ ಸಾಲ ತೀರಿಸಿದವರು, ಬೆಳ್ಳಿ ಮಾಡಿಸಿದವರು ಇದ್ದರು. ಆದರೆ ದೊಡ್ಡ ಗಂಟು ಉಳಿದದ್ದು ಬೊಂಬಾಯಿಯಲ್ಲಿ. ಅಲ್ಲಿ ಶೇರು ಹುಚ್ಚು ಹತ್ತಿತು. ಸಮುದ್ರ ತುಂಬಿಸಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ ಶೇರಿಗೆ ಜನ ಮುಗಿಬಿದ್ದರು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾದ. ಅಮೆರಿಕದ ಹತ್ತಿ ಮತ್ತೆ ಬರುತ್ತದೆ ಎಂದು ಸುದ್ದಿಯಾದದ್ದೇ ತಡ, ದರ ಬಿತ್ತು. ಬೊಂಬಾಯಿಯಲ್ಲಿ ಮನೆತನಗಳು ಮುಳುಗಿದವು. ಬ್ಯಾಂಕ್ ಆಫ್ ಬಾಂಬೆ ಕೂಡ ತಡೆಯಲಿಲ್ಲ. ದರ ಏರಿದಾಗ ಜೋಳ ಬಿಟ್ಟು ಹತ್ತಿ ಹಾಕಿದ ರೈತನಿಗೆ ಈ ಸುದ್ದಿ ತಲುಪಿದ್ದು ಕಡೆಗೆ. ಏಟು ಮಾತ್ರ ಪೂರ್ತಿ ಬಿತ್ತು.

ಮ್ಯಾಂಚೆಸ್ಟರಿನವರ ಕಂಪನಿ ಬಾಳಲಿಲ್ಲ. ಕಾರವಾರದಿಂದ ಒಂದಷ್ಟು ವರ್ಷ ಹತ್ತಿ ಹೋಯಿತು. ಹುಬ್ಬಳ್ಳಿ-ಗದಗದ ಕಡೆಯಿಂದ ಕಾರವಾರಕ್ಕೆ ರೈಲು ತರುವ ಮಾತೂ ನಡೆಯಿತು. ಅಷ್ಟರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಒಪ್ಪಂದವಾಗಿ, 1880ರ ದಶಕದಲ್ಲಿ ರೈಲು ನಮ್ಮ ಜೋಯಿಡಾದ ಕ್ಯಾಸಲ್‌ರಾಕ್ ಮೂಲಕ ಗೋವಾದ ಮಾರ್ಮಗೋವಾಕ್ಕೆ ಇಳಿಯಿತು. ಹತ್ತಿ ಆ ದಾರಿ ಹಿಡಿಯಿತು. ಕಾರವಾರದ ಬಂದರಿಗೆ ಅದರಿಂದ ಬಿದ್ದ ಪೆಟ್ಟು ದೊಡ್ಡದು. ಹುಬ್ಬಳ್ಳಿ-ಅಂಕೋಲಾ ರೈಲು ಇವತ್ತಿಗೂ ಮಾತಾಗಿಯೇ ಇದೆ. ನಿಮ್ಮ ತಾಲ್ಲೂಕಿನ ಮಕ್ಕಳಿಗೆ ಅದರ ಸುದ್ದಿ ಹೊಸದಲ್ಲ. ಅದರ ಮೊದಲ ಕಾಗದ ಎಷ್ಟು ಹಳೆಯದು ಎಂದು ಅವರಿಗೆ ಗೊತ್ತಾಗಲಿ.

ಸಿದ್ದಾಪುರ ಸೊಪ್ಪಿನಬೆಟ್ಟ

1929ಕ್ಕೂ ಒಂದು ಮಾತು. ಆ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಶೇರು ಪೇಟೆ ಕುಸಿಯಿತು. ಆಮೇಲೆ ಲೋಕದ ತುಂಬ ಬೆಳೆಯ ದರ ಇಳಿಯಿತು. ಕಂದಾಯ ಮಾತ್ರ ಇಳಿಯಲಿಲ್ಲ. ಸಿದ್ದಾಪುರ, ಅಂಕೋಲಾದ ರೈತರು 1930ರ ಚಳವಳಿಯ ದಿನಗಳಲ್ಲಿ ಕರ ಕೊಡುವುದಿಲ್ಲ ಎಂದು ನಿಂತದ್ದಕ್ಕೆ ದೇಶಪ್ರೇಮ ಮೊದಲ ಕಾರಣ. ಅದರ ಜೊತೆಗೆ ಕಿಸೆಯೂ ಖಾಲಿಯಾಗಿತ್ತು. ಸರ್ಕಾರ ಜಮೀನು ಜಪ್ತಿ ಮಾಡಿತು, ಮನೆಯ ಸಾಮಾನು, ದನಕರು ಹರಾಜು ಹಾಕಿತು. ಮಾವಿನಗುಂಡಿಯಲ್ಲಿ ನಮ್ಮ ಹೆಂಗಸರು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಮೀನು ಮರಳಿ ಸಿಕ್ಕಿತು. ಬೇಲೆಕೇರಿಯ ಮಕ್ಕಳ ಅಜ್ಜ-ಮುತ್ತಜ್ಜಂದಿರ ಪೈಕಿ ಆ ಚಳವಳಿ ಕಂಡವರು ಖಂಡಿತ ಇದ್ದರು. ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ.

ಯಲ್ಲಾಪುರ ಡಮಾಮಿ

ಅಕ್ಕೋರೇ, ಹಿಲ್ಲೂರು ಕಡೆಯ ಮಕ್ಕಳಿದ್ದಾರೆ ಎಂದಿರಿ. ಅವರಲ್ಲಿ ಆಫ್ರಿಕಾ ಮೂಲದ ನಮ್ಮ ಸಿದ್ದಿ ಮಕ್ಕಳೂ ಇರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅಮೆರಿಕದ ಗುಲಾಮರ ಪಾಠ ಬಂತು. ಪುಸ್ತಕದಲ್ಲಿ ಒಂದು ಚಿತ್ರ ಇತ್ತು. ಇಡೀ ಕ್ಲಾಸು ತಿರುಗಿ ನನ್ನನ್ನೂ ನನ್ನ ತಂಗಿಯನ್ನೂ ನೋಡಿತು. ಮಾಸ್ತರು ಏನೂ ಹೇಳದೆ ಪುಟ ತಿರುಗಿಸಿದರು. ಅವರು ಆ ಹೊತ್ತಿಗೆ ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಆ ನಾಲ್ಕು ಮಾತು ನಾನು ಈಗ ಹೇಳುತ್ತೇನೆ, ನೀವು ನಿಮ್ಮ ಮಕ್ಕಳಿಗೆ ಹೇಳಿ.

ಆಫ್ರಿಕಾದಿಂದ ಜನರನ್ನು ಹಿಡಿದು ಮಾರಿದ್ದು ಅಮೆರಿಕಕ್ಕೆ ಮಾತ್ರ ಅಲ್ಲ. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರ ಸಂಖ್ಯೆಯನ್ನೇ ಇತಿಹಾಸಕಾರರು ಸುಮಾರು 1 ಕೋಟಿ 25 ಲಕ್ಷ ಎಂದು ಲೆಕ್ಕ ಹಾಕಿದ್ದಾರೆ. ದಾರಿಯಲ್ಲೇ ಸತ್ತವರು ಲಕ್ಷಗಟ್ಟಲೆ. ಅದರಲ್ಲಿ ಅತಿ ಹೆಚ್ಚು ಜನ ಹೋದ ದೇಶ ಬ್ರೆಜಿಲ್, ಕೊಂಡೊಯ್ದವರಲ್ಲಿ ಪೋರ್ಚುಗೀಸರು ಮುಂದೆ. ಅದೇ ಪೋರ್ಚುಗೀಸರು ಆಫ್ರಿಕಾದ ಪೂರ್ವ ದಂಡೆಯಿಂದ, ಮೊಜಾಂಬಿಕ್ ಕಡೆಯಿಂದ, ಗೋವಾಕ್ಕೂ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ನಮ್ಮಲ್ಲಿ ಬಹಳ ಜನ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಿನೂರುಗಳಲ್ಲಿ ನಾವಿದ್ದೇವೆ. ನಮ್ಮಲ್ಲಿ ಹಿಂದೂಗಳಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ, ಮುಸ್ಲಿಮರಿದ್ದಾರೆ. ಡಮಾಮಿ ಬಾರಿಸಿದರೆ ಎಲ್ಲರೂ ಕುಣಿಯುತ್ತೇವೆ.

ಇಸವಿಗಳನ್ನು ನಾನು ಹೀಗೆ ಜೋಡಿಸಿಕೊಂಡಿದ್ದೇನೆ. ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ. ಗುಲಾಮಗಿರಿಯನ್ನೇ ತೆಗೆದ ಕಾನೂನು 1833ರದ್ದು. ಆ ಕಾನೂನು ಇಂಡಿಯಾದ ಕಂಪನಿ ಆಡಳಿತಕ್ಕೆ ಅನ್ವಯಿಸಲಿಲ್ಲ. ಇಲ್ಲಿ ಬಂದದ್ದು 1843ರ ಕಾಯ್ದೆ. ಪೋರ್ಚುಗಲ್ ತನ್ನ ವಸಾಹತುಗಳಿಂದ ಗುಲಾಮರ ಸಾಗಾಟ ನಿಷೇಧಿಸಿದ್ದು 1836ರಲ್ಲಿ. ಬ್ರೆಜಿಲ್ ಬಿಡುಗಡೆ ಮಾಡಿದ್ದು ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ತಡವಾಗಿ, 1888ರಲ್ಲಿ. ನಮ್ಮ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಈ ಎಲ್ಲ ಇಸವಿಗಳನ್ನೂ ಒಂದೇ ಗೆರೆಯ ಮೇಲೆ ಬೋರ್ಡಿನಲ್ಲಿ ಬರೆಯಿರಿ. ನಮ್ಮ ಮಕ್ಕಳು ತಲೆ ಎತ್ತಿ ನೋಡುತ್ತಾರೆ.

ಬೇಲೆಕೇರಿ ಟೀಚರ್

ಬರೆಯುತ್ತೇನೆ ಅಣ್ಣ. ನಾಳೆಯೇ ಬರೆಯುತ್ತೇನೆ. ನನ್ನ ಕ್ಲಾಸಿನಲ್ಲಿ ಇಬ್ಬರು ಸಿದ್ದಿ ಹುಡುಗಿಯರಿದ್ದಾರೆ.

ಆ ಗೆರೆಯ ಮೇಲೆ ಅಮೆರಿಕದ್ದು ಯಾವ ಇಸವಿ ಹಾಕಲಿ? ಒಂದು ಗೈಡ್‌ನಲ್ಲಿ 1863, ಇನ್ನೊಂದರಲ್ಲಿ 1865 ಇದೆ.

ಕೋಡಿಬಾಗ ರಸ್ತೆಯವರು

ಎರಡೂ ಹಾಕಿ ತಂಗಿ, ಎರಡೂ ಬೇಕು. 1863ರ ಜನವರಿ 1ರಂದು ಲಿಂಕನ್ ಹೊರಡಿಸಿದ್ದು ವಿಮೋಚನಾ ಘೋಷಣೆ. ಅದು ದಂಗೆ ಎದ್ದಿದ್ದ ದಕ್ಷಿಣದ ಪ್ರದೇಶಗಳ ಗುಲಾಮರಿಗೆ ಮಾತ್ರ. ಯುದ್ಧದಲ್ಲಿ ಲಿಂಕನ್ ಕಡೆಗೇ ಉಳಿದಿದ್ದ ಕೆಂಟಕಿ, ಡೆಲವೇರ್, ಮಿಸೌರಿ, ಮೇರಿಲ್ಯಾಂಡ್ ರಾಜ್ಯಗಳಲ್ಲೂ ಗುಲಾಮರಿದ್ದರು, ಅವರಿಗೆ ಅದು ಅನ್ವಯಿಸಲಿಲ್ಲ. ದಕ್ಷಿಣದಲ್ಲೂ ಸೈನ್ಯ ತಲುಪಿದ ಕಡೆ ಮಾತ್ರ ಬಿಡುಗಡೆ ಆಯಿತು. ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ ಆದೇಶ ಓದಿ ಹೇಳಿದ್ದು 1865ರ ಜೂನ್ 19ಕ್ಕೆ, ಎರಡೂವರೆ ವರ್ಷ ತಡವಾಗಿ. ಅಲ್ಲಿನವರು ಈಗಲೂ ಆ ದಿನ ಹಬ್ಬ ಮಾಡುತ್ತಾರೆ. ಇಡೀ ದೇಶಕ್ಕೆ ಗುಲಾಮಗಿರಿ ಇಲ್ಲ ಎಂದು ಸಂವಿಧಾನದಲ್ಲೇ ಬರೆದದ್ದು 13ನೇ ತಿದ್ದುಪಡಿ. ಅದಕ್ಕೆ ರಾಜ್ಯಗಳ ಒಪ್ಪಿಗೆ ಪೂರ್ತಿಯಾದದ್ದು 1865ರ ಡಿಸೆಂಬರ್ 6ಕ್ಕೆ. ಲಿಂಕನ್ ಆಗ ಇರಲಿಲ್ಲ, ಏಪ್ರಿಲ್‌ನಲ್ಲೇ ಅವರನ್ನು ಕೊಂದಿದ್ದರು.

ಪರೀಕ್ಷೆಯಲ್ಲಿ ಘೋಷಣೆ ಎಂದು ಕೇಳಿದರೆ 1863, ತಿದ್ದುಪಡಿ ಎಂದು ಕೇಳಿದರೆ 1865 ಬರೆಯಲಿ.